ಐದು ಬಟ್ಟಲಿನ ಪ್ರದಕ್ಷಿಣೆ

ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ರಸ್ತೆ ಬದಿಗೆ ಒಂದು ಫಲಕ ನೆಟ್ಟಿದ್ದಾರೆ. ಅದರಲ್ಲಿ ಅಕ್ಷರಕ್ಕಿಂತ ಚಿತ್ರವೇ ದೊಡ್ಡದು. ನಡುವೆ ಒಂದು ಉಂಗುರ, ಅದರ ಸುತ್ತ ಐದು ಸಣ್ಣ ಉಂಗುರ. ಊಟದ ತಟ್ಟೆಯ ಸುತ್ತ ಐದು ಬಟ್ಟಲು ಜೋಡಿಸಿಟ್ಟ ಹಾಗೆ! ಮೊದಲ ಸಲ ನೋಡಿದವರು ಯಾವುದೋ ಹೋಟೆಲಿನ ಜಾಹೀರಾತು ಅಂದುಕೊಂಡರೂ ಆಶ್ಚರ್ಯವಿಲ್ಲ. ಆದರೆ ಅದು ಮುಂದೆ ಬರುವ ಸರ್ಕಲ್ಲಿನ ನಕ್ಷೆ. ಹೆಸರು ‘ಮ್ಯಾಜಿಕ್ ರೌಂಡಬೌಟ್’. ಕನ್ನಡದಲ್ಲಿ ಮಾಯಾ ವೃತ್ತ ಎನ್ನೋಣ.

ನಾನು ಮೈಸೂರಿನವಳು. ಶಾಲೆಯಲ್ಲಿ ಗಣಿತ ಮೇಡಂ ಆಗಿದ್ದು ನಿವೃತ್ತಳಾದವಳು. ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗ ಸ್ವಿಂಡನ್‌ನಲ್ಲಿದ್ದಾರೆ. ಬೇಸಿಗೆಯಲ್ಲಿ ಮೂರು ತಿಂಗಳು ಅವರ ಮನೆಯಲ್ಲಿದ್ದೆ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸ್ವಿಂಡನ್ ರೈಲ್ವೆಯಿಂದಲೇ ಬೆಳೆದ ಊರು. 1840ರ ದಶಕದಲ್ಲಿ ಇಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆ ಶುರುವಾಯಿತು. ಮುಂದೆ ನೂರಾರು ಉಗಿಬಂಡಿಗಳು ಅಲ್ಲಿ ತಯಾರಾದವು. ಆ ಹಳೆಯ ಕಟ್ಟಡದಲ್ಲಿ ಈಗ ರೈಲು ಮ್ಯೂಸಿಯಂ ಇದೆ. ನಮ್ಮ ಮೈಸೂರಿನಲ್ಲೂ ರೈಲು ಮ್ಯೂಸಿಯಂ ಇದೆಯಲ್ಲ, ಹಾಗಾಗಿ ಊರು ನನಗೆ ಅಷ್ಟೇನೂ ಹೊಸದೆನಿಸಲಿಲ್ಲ. ಗೋವಾ ಮೂಲದ ಜನ ಇಲ್ಲಿ ಬಹಳ. ಅಂಗಡಿಗೆ ಹೋದರೆ ಕೊಂಕಣಿ ಕಿವಿಗೆ ಬೀಳುತ್ತದೆ.

ಹೊಸದೆನಿಸಿದ್ದು ಮಾಯಾ ವೃತ್ತ ಒಂದೇ. ನನ್ನ ಮಗಳು ಅದಕ್ಕೆ ಹೆದರಿ ದಿನವೂ ಊರು ಸುತ್ತಿ ಬರುತ್ತಿದ್ದಳು! ಮಗನನ್ನು ಈಜು ತರಗತಿಗೆ ಬಿಡಲು ಹತ್ತು ನಿಮಿಷದ ದಾರಿ ಬಿಟ್ಟು ಅರ್ಧ ಗಂಟೆಯ ದಾರಿ ಹಿಡಿಯುತ್ತಿದ್ದಳು. “ಅಮ್ಮಾ, ಅದನ್ನ ನೋಡಿದ್ರೇ ತಲೆ ತಿರುಗತ್ತೆ. ಯಾರು ಎಲ್ಲಿಂದ ಬರ್ತಾರೋ ಗೊತ್ತಾಗಲ್ಲ” ಅನ್ನುವಳು. ಆದರೆ ತಪ್ಪಿಸಿಕೊಂಡು ಎಷ್ಟು ದಿನ ಇರುವುದು? ಅಲ್ಲಿ ನೆಲೆಸಲು ಹೋದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಮಾತ್ರ ಕಾರು ಓಡಿಸಬಹುದು. ಆಮೇಲೆ ಅಲ್ಲಿನ ಬರಹದ ಪರೀಕ್ಷೆ, ರಸ್ತೆ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ಅವಳಿಗೆ ಆಗಲೇ ಹತ್ತನೇ ತಿಂಗಳು. ಅಳಿಯಂದಿರಿಗೆ ಬೇರೆ ಊರಿನಲ್ಲಿ ಕೆಲಸ ಶುರುವಾಗುವುದಿತ್ತು. ಹುಡುಗನನ್ನು ಕರೆದುಕೊಂಡು ಓಡಾಡುವ ಹೊಣೆ ಇನ್ನು ಅವಳೊಬ್ಬಳದೇ.

“ಮೊದಲು ನಡ್ಕೊಂಡು ಹೋಗಿ ನೋಡೋಣ ಬಾರೇ” ಅಂದೆ. ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು.

ಫುಟ್‌ಪಾತಿನಿಂದ ಕಂಡ ಮಾಯೆ

ಊರಿನ ಫುಟ್‌ಬಾಲ್ ಮೈದಾನ ಕೌಂಟಿ ಗ್ರೌಂಡ್ ಪಕ್ಕದಲ್ಲೇ ಈ ವೃತ್ತ. ಕೌಂಟಿ ರೋಡ್, ಡ್ರೋವ್ ರೋಡ್, ಫ್ಲೆಮಿಂಗ್ ವೇ, ಕ್ವೀನ್ಸ್ ಡ್ರೈವ್, ಶ್ರಿವೆನ್‌ಹ್ಯಾಮ್ ರೋಡ್ ಎಂಬ ಐದು ರಸ್ತೆಗಳು ಇಲ್ಲಿ ಸೇರುತ್ತವೆ. ಪ್ರತಿ ರಸ್ತೆಯ ಬಾಯಲ್ಲೂ ಒಂದೊಂದು ಪುಟ್ಟ ವೃತ್ತ. ಐದೂ ಸೇರಿ ನಡುವಿನ ದೊಡ್ಡ ವೃತ್ತವನ್ನು ಸುತ್ತುವರಿದಿವೆ. ಇದನ್ನು ಕಟ್ಟಿದ್ದು 1972ರಲ್ಲಿ. ರೂಪಿಸಿದವರು ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ರಸ್ತೆ ಎಂಜಿನಿಯರ್. ಆರಂಭದ ದಿನಗಳಲ್ಲಿ ಪುಟ್ಟ ವೃತ್ತಗಳನ್ನು ಶಾಶ್ವತವಾಗಿ ಗುರುತು ಮಾಡಿರಲಿಲ್ಲ. ಬೇಕಾದ ಹಾಗೆ ಅತ್ತಿತ್ತ ಸರಿಸಿ ನೋಡಿದರು. ಜನ ಹೇಗೆ ಹೊಂದಿಕೊಳ್ಳುತ್ತಾರೆಂದು ಗಮನಿಸಲು ಒಂದೊಂದರ ಬಳಿಯೂ ಒಬ್ಬೊಬ್ಬ ಪೊಲೀಸರು ನಿಂತಿರುತ್ತಿದ್ದರು.

ಮೊದಲು ಇದರ ಹೆಸರು ‘ಕೌಂಟಿ ಐಲ್ಯಾಂಡ್ಸ್’ ಅಂತ ಇತ್ತು. ಆಗ ಟಿ.ವಿ.ಯಲ್ಲಿ ‘ಮ್ಯಾಜಿಕ್ ರೌಂಡಬೌಟ್’ ಎಂಬ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ಇಂಗ್ಲಿಷರು ರೌಂಡಬೌಟ್ ಎನ್ನುವುದು ಸರ್ಕಲ್ಲಿಗೆ ಮಾತ್ರವಲ್ಲ, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆ ಆಟಕ್ಕೂ ಅದೇ ಹೆಸರು. ಜನ ತಮಾಷೆಗೆ ಆ ಹೆಸರನ್ನು ಇದಕ್ಕಿಟ್ಟರು. ಕೊನೆಗೆ ಊರಿನವರು ಫಲಕದಲ್ಲೂ ಅದನ್ನೇ ಬರೆಸಿದರು.

ಮೊಮ್ಮಗ ಸ್ವಲ್ಪ ಹೊತ್ತು ನೋಡಿ ಕೂಗಿದ: “ಅಜ್ಜೀ, ಹೊರಗಡೆ ಕಾರೆಲ್ಲ ಈ ಕಡೆ ಸುತ್ತತ್ತೆ, ಒಳಗಡೆ ಕಾರು ಆ ಕಡೆ ಸುತ್ತತ್ತೆ!”

ಸರಿಯಾಗಿಯೇ ಕಂಡುಹಿಡಿದ. ಹೊರಗಿನ ಸುತ್ತಿನಲ್ಲಿ ವಾಹನಗಳು ಪ್ರದಕ್ಷಿಣೆ ಹಾಕುತ್ತವೆ. ದೇವಸ್ಥಾನದಲ್ಲಿ ನಾವು ಸುತ್ತುವ ಹಾಗೆ, ನಡುವಿನದು ಬಲಗೈ ಕಡೆಗೆ ಇರುತ್ತದೆ. ಗಡಿಯಾರದ ಮುಳ್ಳು ಸುತ್ತುವುದೂ ಹಾಗೆಯೇ. ಎಡಬದಿಯಲ್ಲಿ ವಾಹನ ಓಡಿಸುವ ದೇಶಗಳಲ್ಲೆಲ್ಲ, ನಮ್ಮ ಭಾರತದಲ್ಲೂ, ಸರ್ಕಲ್ ಎಂದರೆ ಪ್ರದಕ್ಷಿಣೆಯೇ. ಆದರೆ ಮಾಯಾ ವೃತ್ತದ ಒಳಸುತ್ತಿನಲ್ಲಿ ಮಾತ್ರ ಅಪ್ರದಕ್ಷಿಣೆ!

ಎದುರು ಬದುರು ಬಂದು ಡಿಕ್ಕಿ ಆಗುವುದಿಲ್ಲವೇ? ಆಗುವುದಿಲ್ಲ. ಒಂದು ಬಟ್ಟಲಿನಿಂದ ಮುಂದಿನ ಬಟ್ಟಲಿಗೆ ಹೋಗುವ ತುಂಡು ರಸ್ತೆಯನ್ನು ಮಾಮೂಲಿ ಎರಡು ದಿಕ್ಕಿನ ರಸ್ತೆ ಅಂತಲೇ ತಿಳಿಯಿರಿ. ಪ್ರದಕ್ಷಿಣೆ ಹೋಗುವವನಿಗೆ ಎಡಬದಿ ಅಂದರೆ ಹೊರಗಡೆ. ಅಪ್ರದಕ್ಷಿಣೆ ಬರುವವನಿಗೆ ಎಡಬದಿ ಅಂದರೆ ಒಳಗಡೆ. ಇಬ್ಬರೂ ತಮ್ಮ ತಮ್ಮ ಎಡಗಡೆಯಲ್ಲೇ ಇದ್ದಾರೆ. ನೋಡುವವರಿಗೆ ಮಾತ್ರ ಮಾಯೆ.

ಇದರಿಂದ ಲಾಭವೂ ಉಂಟು. ಸಾಮಾನ್ಯ ಸರ್ಕಲ್ಲಿನಲ್ಲಿ ಬಲಪಕ್ಕದ ರಸ್ತೆಗೆ ಹೋಗಬೇಕಾದರೆ ಹೆಚ್ಚು ಕಡಿಮೆ ಇಡೀ ವೃತ್ತ ಸುತ್ತಬೇಕು. ಇಲ್ಲಿ ಬಾಯಲ್ಲಿರುವ ಪುಟ್ಟ ವೃತ್ತವನ್ನು ದಾಟಿ ಬಲಕ್ಕೆ ಹೊರಳಿ ಒಳಸುತ್ತಿಗೆ ಸೇರಿದರೆ ಮುಂದಿನ ಬಟ್ಟಲೇ ನಿಮ್ಮ ದಾರಿ. ಹೊರಗಿನ ದಾರಿ ತುಂಬಿದ್ದರೆ ಒಳಗೆ, ಒಳಗಿನದು ತುಂಬಿದ್ದರೆ ಹೊರಗೆ.

ಬಲಗಡೆಯವರಿಗೆ ದಾರಿ

ನಾವು ನಿಂತಲ್ಲಿಂದ ಒಂದೇ ಒಂದು ಪುಟ್ಟ ವೃತ್ತವನ್ನು ನೋಡಲು ಮಗಳಿಗೆ ಹೇಳಿದೆ. ಉಳಿದ ನಾಲ್ಕನ್ನು ಮರೆತುಬಿಡು ಅಂದೆ. ಹತ್ತು ನಿಮಿಷ ನೋಡಿದಳು. “ಅಷ್ಟೇನಾ ಅಮ್ಮಾ? ಎಲ್ರೂ ಬಲಗಡೆ ನೋಡ್ತಾರೆ, ಬರೋರಿದ್ರೆ ನಿಲ್ತಾರೆ, ಇಲ್ದಿದ್ರೆ ಹೋಗ್ತಾರೆ.”

ಅಷ್ಟೇ! ಬೀಗದ ಕೈ ಅದೊಂದೇ. ಪ್ರದಕ್ಷಿಣೆ ಸುತ್ತುವ ವೃತ್ತದಲ್ಲಿ ಆಗಲೇ ಒಳಗಿರುವವರು ನಮ್ಮ ಬಲಗಡೆಯಿಂದಲೇ ಬರಬೇಕು. ಅವರಿಗೆ ಮೊದಲ ದಾರಿ. ಒಳಗೆ ಬರುವವರು ಕಾಯಬೇಕು. ಐದು ಬಟ್ಟಲಿದ್ದರೆ ಐದು ಸಲ ಅದೇ ಕೆಲಸ. ಇಡೀ ತಟ್ಟೆಯನ್ನು ಒಟ್ಟಿಗೆ ತಿನ್ನಲು ಹೋದರೆ ತಾನೇ ಗಂಟಲಿಗೆ ಸಿಕ್ಕುವುದು?

ಇಷ್ಟು ಸರಳವಾದ ನಿಯಮ ಮನುಷ್ಯರಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು. 1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕೆಂಬ ಏರ್ಪಾಟು ಬಂತು. ಅದರ ಹಿಂದಿದ್ದವರು ವಿಲಿಯಂ ಫೆಲ್ಪ್ಸ್ ಈನೋ. ರಸ್ತೆ ಸುರಕ್ಷತೆಯ ಪಿತಾಮಹ ಎನಿಸಿಕೊಂಡ ಇವರು ತಾವು ಮಾತ್ರ ಕಾರು ಓಡಿಸಲು ಕಲಿಯಲೇ ಇಲ್ಲ! ಬ್ರಿಟನ್ನಿನ ಮೊದಲ ವೃತ್ತ ಸುಮಾರು 1909ರಲ್ಲಿ ಲೆಚ್‌ವರ್ತ್ ಎಂಬ ಊರಿನಲ್ಲಿ ಆಯಿತು. ಆದರೆ ಯಾರು ಯಾರಿಗೆ ದಾರಿ ಬಿಡಬೇಕೆಂಬ ಕಟ್ಟುಪಾಡು ಇರಲಿಲ್ಲ. ವಾಹನಗಳು ಕಡಿಮೆ ಇದ್ದಾಗ ಹೇಗೋ ನಡೆಯಿತು. ಹೆಚ್ಚಾದಾಗ ಹೊರಗಿನವರು ನುಗ್ಗುವುದು, ಒಳಗಿನವರು ಹೊರಗೆ ಹೋಗಲಾಗದೆ ನಿಲ್ಲುವುದು, ಇಡೀ ವೃತ್ತ ಗಂಟುಬೀಳುವುದು. ಮದುವೆ ಮನೆಯಲ್ಲಿ ಊಟ ಮಾಡಿದವರು ಎದ್ದು ಬರುವ ಮೊದಲೇ ಮುಂದಿನ ಪಂಕ್ತಿಯವರು ಒಳಗೆ ನುಗ್ಗಿದರೆ ಹೇಗಿರುತ್ತದೋ ಹಾಗೆ. 1966ರಲ್ಲಿ ಬ್ರಿಟನ್ ‘ಬಲಗಡೆಯಿಂದ ಬರುವವರಿಗೆ ಮೊದಲ ದಾರಿ’ ಎಂಬ ನಿಯಮ ತಂದಿತು. ಗಂಟು ಸಡಿಲವಾಯಿತು. ಆ ನಿಯಮದ ಬಲದ ಮೇಲೆಯೇ ಬ್ಲ್ಯಾಕ್‌ಮೋರ್ ಅವರ ಪುಟ್ಟ ವೃತ್ತಗಳು ಹುಟ್ಟಿಕೊಂಡವು.

ಗಣಿತ ಮೇಡಂ ಸುಮ್ಮನಿರಲು ಸಾಧ್ಯವೇ? ಮನೆಗೆ ಬಂದು ಮೊಮ್ಮಗನ ಕೈಗೆ ಪೆನ್ಸಿಲ್ ಕೊಟ್ಟೆ. ಎರಡು ರಸ್ತೆಗಳು ಕೂಡುವ ನಾಲ್ಕು ದಾರಿಯ ಚೌಕ ಬರೆಸಿದೆ. ಪ್ರತಿ ದಿಕ್ಕಿನಿಂದ ಬರುವ ಕಾರು ಎಡಕ್ಕೆ, ನೇರಕ್ಕೆ, ಬಲಕ್ಕೆ ಹೋಗುವ ಗೆರೆ ಎಳೆಸಿ, ಗೆರೆಗಳು ಸೇರುವ, ಬೇರೆಯಾಗುವ, ಒಂದನ್ನೊಂದು ಕತ್ತರಿಸುವ ಕಡೆಯೆಲ್ಲ ಚುಕ್ಕೆ ಇಡಿಸಿದೆ. ಎಣಿಸಿದರೆ 32 ಚುಕ್ಕೆ. ಅಂದರೆ ಡಿಕ್ಕಿ ಆಗಬಹುದಾದ 32 ಜಾಗ. ಅದೇ ನಾಲ್ಕು ದಾರಿಗೆ ನಡುವೆ ಒಂದು ಲೇನಿನ ವೃತ್ತ ಬರೆಸಿದೆ. ಚುಕ್ಕೆ ಎಂಟೇ! ಅದರಲ್ಲೂ ಗೆರೆಗಳು ಅಡ್ಡಡ್ಡ ಕತ್ತರಿಸುವ ಚುಕ್ಕೆ ಒಂದೂ ಇಲ್ಲ. ಸೇರುವುದು ನಾಲ್ಕು, ಬಿಡುವುದು ನಾಲ್ಕು. ಮಕ್ಕಳೇ, ನೀವೂ ಬರೆದು ನೋಡಿ. ತಾಳ್ಮೆ ಇದ್ದರೆ ಲೆಕ್ಕ ಸರಿಯಾಗಿ ಬರುತ್ತದೆ. ಜೊತೆಗೆ ವೃತ್ತದಲ್ಲಿ ಎಲ್ಲರೂ ಬಳಸಿ ಹೋಗಬೇಕಾದ್ದರಿಂದ ವೇಗ ತಾನಾಗಿ ಇಳಿಯುತ್ತದೆ. ಪೆಟ್ಟು ಬಿದ್ದರೂ ಚೌಕದಲ್ಲಿ ಬೀಳುವಷ್ಟು ಜೋರಾಗಿರುವುದಿಲ್ಲ.

ಯಾವ ಲೇನು? ಗಡಿಯಾರ ಹೇಳುತ್ತದೆ

ದೊಡ್ಡ ವೃತ್ತಗಳಿಗೆ ಬರುವ ರಸ್ತೆಯಲ್ಲಿ ಎರಡು ಅಥವಾ ಮೂರು ಲೇನುಗಳಿರುತ್ತವೆ. ಅವಾದರೆ ಸೇರುವ, ಬಿಡುವ ಎಂಟು ಚುಕ್ಕೆಯ ಜೊತೆಗೆ ಲೇನು ಬದಲಿಸುವ ಚುಕ್ಕೆಗಳೂ ಹುಟ್ಟಿಕೊಳ್ಳುತ್ತವೆ. ಅದಕ್ಕೇ ಲೇನನ್ನು ವೃತ್ತದೊಳಗೆ ಹೋಗಿ ಹುಡುಕಬಾರದು, ಬರುವ ಮೊದಲೇ ಆರಿಸಿಕೊಳ್ಳಬೇಕು.

ಮಗಳಿಗೆ ಚಾಲನೆ ಕಲಿಸುವ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ವೃತ್ತವನ್ನು ಗೋಡೆ ಗಡಿಯಾರ ಅಂದುಕೊಳ್ಳಿ. ನೀವು ಕೆಳಗಿನಿಂದ, ಆರು ಗಂಟೆಯ ಕಡೆಯಿಂದ ಬರುತ್ತಿದ್ದೀರಿ.

ಒಂಬತ್ತು ಗಂಟೆಯ ಕಡೆಗೆ, ಅಂದರೆ ಎಡಕ್ಕೆ ಹೋಗಬೇಕೇ? ಎಡ ಇಂಡಿಕೇಟರ್ ಹಾಕಿ, ಎಡ ಲೇನಿನಲ್ಲಿ ಬಂದು, ಎಡಬದಿಯನ್ನು ಹಿಡಿದೇ ಹೊರಗೆ ಹೋಗಿ.

ಹನ್ನೆರಡು ಗಂಟೆಯ ಕಡೆಗೆ, ಅಂದರೆ ನೇರಕ್ಕೆ ಹೋಗಬೇಕೇ? ರಸ್ತೆಯ ಮೇಲಿನ ಬಾಣ ಬೇರೆ ಹೇಳದಿದ್ದರೆ ಎಡ ಲೇನೇ ಸರಿ. ಒಳಗೆ ಬರುವಾಗ ಇಂಡಿಕೇಟರ್ ಬೇಡ. ನಿಮ್ಮ ದಾರಿಗಿಂತ ಹಿಂದಿನ ದಾರಿಯನ್ನು ದಾಟಿದ ಮೇಲೆ ಎಡ ಇಂಡಿಕೇಟರ್ ಹಾಕಿ ಹೊರಗೆ ಹೋಗಿ.

ಮೂರು ಗಂಟೆಯ ಕಡೆಗೆ, ಅಂದರೆ ಬಲಕ್ಕೆ, ಅಥವಾ ಬಂದ ದಾರಿಗೇ ತಿರುಗಿ ಹೋಗಬೇಕೇ? ಬಲ ಇಂಡಿಕೇಟರ್, ಬಲ ಲೇನು. ನಡುವಿನ ದಿಬ್ಬಕ್ಕೆ ಹತ್ತಿರವಾಗಿ ಸುತ್ತಿ. ನಿಮ್ಮ ದಾರಿಗಿಂತ ಹಿಂದಿನದು ದಾಟಿದ ಕೂಡಲೇ ಎಡಗಡೆ ಕನ್ನಡಿ ನೋಡಿ, ಎಡ ಇಂಡಿಕೇಟರ್ ಹಾಕಿ, ಜಾಗ ಇದ್ದರೆ ಮಾತ್ರ ಹೊರಗೆ ಸರಿಯಿರಿ.

ಜಾಗ ಇಲ್ಲದಿದ್ದರೆ? ದಾರಿ ತಪ್ಪಿಹೋದರೆ? ಇನ್ನೊಂದು ಸುತ್ತು ಬನ್ನಿ! ವೃತ್ತದ ದೊಡ್ಡ ಗುಣವೇ ಇದು. ತಪ್ಪಿದವರನ್ನು ಬೈಯುವುದಿಲ್ಲ, ಮತ್ತೊಂದು ಅವಕಾಶ ಕೊಡುತ್ತದೆ. ತಪ್ಪಿದ ದಾರಿಗಾಗಿ ಥಟ್ಟನೆ ಅಡ್ಡ ಹಾಯುವುದು, ನಿಲ್ಲಿಸಿ ಹಿಂದಕ್ಕೆ ಬರುವುದು, ಇವೇ ಅಪಾಯ. ಒಂದು ಸುತ್ತಿಗೆ ಅರ್ಧ ನಿಮಿಷ ಹೋದೀತು, ಅಷ್ಟೇ.

ಹಳದಿ ದೀಪ ನಂಬಬೇಡ

ಮುಂದಿನ ವಾರ ಕಾರಿನಲ್ಲೇ ಹೋದೆವು. ಮಗಳು ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ಅಳಿಯಂದಿರು, ಹಿಂದೆ ನಾನು, ಮೊಮ್ಮಗ. ಮೊದಲ ಪುಟ್ಟ ವೃತ್ತದ ಬಾಯಲ್ಲಿ ನಿಂತೆವು. ಬಲಗಡೆಯಿಂದ ಒಂದು ಬೂದು ಬಣ್ಣದ ಕಾರು ಎಡ ಇಂಡಿಕೇಟರ್ ಮಿನುಗಿಸುತ್ತ ಬಂತು. ಅಂದರೆ ಅದು ನಾವಿರುವ ರಸ್ತೆಗೇ ಹೊರಳಿ ಹೊರಗೆ ಹೋಗಬೇಕು. ನಮ್ಮ ಹಿಂದಿದ್ದ ಕಾರಿನವನಿಗೆ ಅವಸರ. ಹಾರನ್ ಹೊಡೆದ. ಮಗಳು ಕದಲಲಿಲ್ಲ. “ಇರಿ, ಚಕ್ರ ತಿರುಗ್ಲಿ” ಅಂದಳು. ಬೂದು ಕಾರಿನ ಚಕ್ರ ತಿರುಗಲೇ ಇಲ್ಲ. ಹಳದಿ ದೀಪ ಮಿನುಗುತ್ತಿದ್ದ ಹಾಗೇ ನಮ್ಮ ಮೂತಿಯ ಮುಂದಿನಿಂದ ನೇರವಾಗಿ ಹೊರಟುಹೋಯಿತು! ಹಿಂದಿನ ತಿರುವಿನಲ್ಲಿ ಹಾಕಿದ ದೀಪವನ್ನು ಆರಿಸಲು ಆತ ಮರೆತಿದ್ದಿರಬೇಕು.

ದೀಪ ನಂಬಿ ಮುಂದೆ ಹೋಗಿದ್ದರೆ ಪೆಟ್ಟು ಬೀಳುತ್ತಿದ್ದದ್ದು ಬಲಗಡೆಯ ಬಾಗಿಲಿಗೆ. ಮಗಳು ಕೂತಿದ್ದದ್ದು ಆ ಕಡೆ. ಅವಳ ಹಿಂದೆ ಮೊಮ್ಮಗ. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಪ್ಪು ಆತನದೇ. ಆದರೆ ಆಸ್ಪತ್ರೆಯಲ್ಲಿ ಮಲಗಿದವರಿಗೆ ತಪ್ಪು ಯಾರದೆಂಬುದರಿಂದ ನೋವು ಕಡಿಮೆಯಾಗುತ್ತದೆಯೇ? ಜಾಣ ಚಾಲನೆ ಎಂದರೆ ಇದೇ. ನಮ್ಮ ತಪ್ಪು ಇಲ್ಲದಿದ್ದರೆ ಸಾಲದು, ಇನ್ನೊಬ್ಬರ ತಪ್ಪಿಗೂ ಒಂದಿಷ್ಟು ಜಾಗ ಬಿಟ್ಟಿರಬೇಕು. ಅಂದು ಮಗಳಿಂದ, ಅವಳ ಮೇಷ್ಟ್ರ ಪಾಠದಿಂದ ನಾನು ತಿಳಿದುಕೊಂಡದ್ದು ಇಷ್ಟು:

ಇಂಡಿಕೇಟರ್ ಆಸೆಯನ್ನು ಹೇಳುತ್ತದೆ, ಚಕ್ರ ನಿಜ ಹೇಳುತ್ತದೆ. ಮುಂದಿನ ಚಕ್ರ ತಿರುಗಿ, ವೇಗ ಇಳಿಯುವವರೆಗೆ ಕಾಯಿರಿ.

ಬಲಕ್ಕೆ ನೋಡುವ ಭರದಲ್ಲಿ ಮುಂದೆ ನೋಡುವುದನ್ನು ಮರೆಯಬೇಡಿ. ಮುಂದಿನ ಕಾರು ಹೊರಟಿತೆಂದುಕೊಂಡು ನಾವೂ ಹೊರಡುತ್ತೇವೆ. ಅವನು ಅನುಮಾನಿಸಿ ಮತ್ತೆ ನಿಂತಿರುತ್ತಾನೆ. ಹಿಂದಿನಿಂದ ಹೋಗಿ ಗುದ್ದುವುದು ಹೀಗೆಯೇ.

ಉದ್ದನೆಯ ಲಾರಿ, ಬಸ್ಸುಗಳ ಪಕ್ಕದಲ್ಲಿ ವೃತ್ತ ಸುತ್ತಬೇಡಿ. ತಿರುಗುವಾಗ ಅವುಗಳ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕೊರೆದುಕೊಂಡು ಬರುತ್ತದೆ. ಅದಕ್ಕೇ ಅವು ಎರಡು ಲೇನು ಹಿಡಿಯುತ್ತವೆ. ಅದು ದರ್ಪವಲ್ಲ, ಅವುಗಳ ಅಗತ್ಯ. ಡ್ರೈವರ್ ನಮಗೆ ಅವರ ಕನ್ನಡಿಯಲ್ಲಿ ಕಾಣದಿದ್ದರೆ ನಾವೂ ಅವರಿಗೆ ಕಾಣುವುದಿಲ್ಲ. ಹಿಂದೆ ಉಳಿಯುವುದೇ ಸರಿ.

ಸೈಕಲ್ಲಿನವರು, ಅಲ್ಲಿ ಕೆಲವೊಮ್ಮೆ ಕುದುರೆ ಸವಾರರು, ಬಲಕ್ಕೆ ಹೋಗುವುದಿದ್ದರೂ ಎಡ ಲೇನಿನಲ್ಲೇ ಸುತ್ತಬಹುದು. ಹೊರಗೆ ಹೋಗುವ ಮೊದಲು ಎಡಗಡೆ ಅವರಿದ್ದಾರೆಯೇ ಎಂದು ನೋಡಲೇಬೇಕು.

ಅಂದು ಮಗಳು ಮಾಯಾ ವೃತ್ತವನ್ನು ಮೂರು ಸಲ ಸುತ್ತಿದಳು. ಮೂರನೆಯ ಸಲ ಮೊಮ್ಮಗ ಹಿಂದಿನಿಂದ “ಬಲ ನೋಡು, ಚಕ್ರ ನೋಡು, ಹೋಗು!” ಎಂದು ಕ್ರಿಕೆಟ್ ಕಾಮೆಂಟರಿ ಹಾಗೆ ಹೇಳುತ್ತಿದ್ದ. ಮುಂದಿನ ಈಜು ತರಗತಿಗೆ ಹತ್ತೇ ನಿಮಿಷ.

ನಮ್ಮೂರಿನ ವೃತ್ತಗಳು

ಮೈಸೂರಿಗೆ ಮರಳಿದ ಮೇಲೆ ನಮ್ಮ ವೃತ್ತಗಳನ್ನು ಹೊಸ ಕಣ್ಣಿನಿಂದ ನೋಡುವಂತಾಯಿತು. ಅರಮನೆಯ ಉತ್ತರ ಬಾಗಿಲಿನ ಎದುರು ಚಾಮರಾಜ ವೃತ್ತ. ನಡುವೆ ಮಂಟಪದ ಕೆಳಗೆ ಹತ್ತನೇ ಚಾಮರಾಜೇಂದ್ರ ಒಡೆಯರು ನಿಂತಿದ್ದಾರೆ. ಅಲ್ಲಿಂದ ಸ್ವಲ್ಪ ನಡೆದರೆ ಕೆ.ಆರ್. ವೃತ್ತ, ಅಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಹಳಬರು ಹಾರ್ಡಿಂಜ್ ಸರ್ಕಲ್ ಅನ್ನುವ ಕಡೆ ಈಗ ಜಯಚಾಮರಾಜ ಒಡೆಯರು. ತಾತ, ಮಗ, ಮೊಮ್ಮಗ ಎನ್ನುವ ಹಾಗೆ ಮೂರು ತಲೆಮಾರಿನ ಅರಸರು ಅರಮನೆಯ ಸುತ್ತಲೇ ನಿಂತು ನಮ್ಮ ಓಡಾಟ ನೋಡುತ್ತಿದ್ದಾರೆ. ದಸರೆಯ ಜಂಬೂಸವಾರಿ ಚಾಮರಾಜ ವೃತ್ತ, ಕೆ.ಆರ್. ವೃತ್ತ ಹಾದು ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ. ಅಂಬಾರಿ ಹೊತ್ತ ಆನೆ ತಿರುವಿನಲ್ಲಿ ಎಷ್ಟು ಅಗಲ ತೆಗೆದುಕೊಂಡು, ಎಷ್ಟು ನಿಧಾನವಾಗಿ ಹೆಜ್ಜೆ ಇಡುತ್ತದೆ ಗಮನಿಸಿ. ವೃತ್ತದಲ್ಲಿ ಹೇಗೆ ತಿರುಗಬೇಕೆಂದು ಅದರಿಂದಲೇ ಕಲಿಯಬಹುದು!

ನಾನು ಇದೇ ವೃತ್ತಗಳಲ್ಲಿ ಇಪ್ಪತ್ತೆರಡು ವರ್ಷ ಲೂನಾ ಓಡಿಸಿದ್ದೇನೆ. ಅಂದಹಾಗೆ ಲೂನಾ ಮಾರುಕಟ್ಟೆಗೆ ಬಂದದ್ದೂ ಮಾಯಾ ವೃತ್ತ ಕಟ್ಟಿದ 1972ರಲ್ಲೇ. ಸ್ವಿಂಡನ್ನಿನ ಪಾಠ ನಮಗೆ ಹೊಂದುತ್ತದೆಯೇ ಎಂದು ಕೇಳುವವರಿದ್ದಾರೆ. ಹೊಂದುತ್ತದೆ. ಅಲ್ಲೂ ಎಡಬದಿ, ಇಲ್ಲೂ ಎಡಬದಿ. ಅಲ್ಲೂ ಪ್ರದಕ್ಷಿಣೆ, ಇಲ್ಲೂ ಪ್ರದಕ್ಷಿಣೆ. ವೃತ್ತದೊಳಗೆ ಇರುವ ವಾಹನಕ್ಕೇ ಮೊದಲ ದಾರಿ ಎಂದು ನಮ್ಮ ದೇಶದ 2017ರ ವಾಹನ ಚಾಲನಾ ನಿಯಮಗಳೂ ಹೇಳುತ್ತವೆ.

ವ್ಯತ್ಯಾಸವೂ ಇದೆ. ನಮ್ಮಲ್ಲಿ ಸ್ಕೂಟರು, ಬೈಕು, ಆಟೋ ಹೆಚ್ಚು. ಎರಡು ಬಸ್ಸಿನ ನಡುವೆ ಒಂದು ಅಡಿ ಜಾಗ ಕಂಡರೆ ಅದೂ ಒಂದು ಲೇನು! ಬಿಳಿ ಗೆರೆ ಎಲ್ಲ ಕಡೆ ಇರುವುದಿಲ್ಲ. ಇಲ್ಲದ ಕಡೆ ಗಡಿಯಾರದ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಎಡಕ್ಕೆ ಹೋಗುವವರು ಮೊದಲೇ ಎಡಕ್ಕೆ ಬರಬೇಕು. ಬಲತುದಿಯಿಂದ ಎಲ್ಲರ ಮುಂದೆ ಅಡ್ಡ ಹಾಯ್ದು ಎಡಕ್ಕೆ ಹೋಗುವುದಿದೆಯಲ್ಲ, ನಮ್ಮ ವೃತ್ತಗಳಲ್ಲಿ ದಿನವೂ ಕಾಣುವ ಗಂಡಾಂತರ ಅದು.

ಇನ್ನೊಂದು, ಬಲಪಕ್ಕದ ರಸ್ತೆ ಕೂಗಳತೆಯಲ್ಲಿದೆ, ಸುತ್ತು ಯಾಕೆ ಎಂದು ಅಪ್ರದಕ್ಷಿಣೆ ನುಗ್ಗುವ ಚಾಳಿ. ಸ್ವಿಂಡನ್ನಿನ ಅಪ್ರದಕ್ಷಿಣೆಗೆ ಅದರದೇ ಆದ ದಾರಿ ಇದೆ. ನಮ್ಮ ವೃತ್ತಗಳಲ್ಲಿ ಇಲ್ಲ. ಎಲ್ಲರೂ ಬಲಕ್ಕೆ ನೋಡುತ್ತಿರುವಾಗ ಎಡದಿಂದ ಬಂದವನು ಯಾರ ಕಣ್ಣಿಗೆ ಬಿದ್ದಾನು? 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಆ ಒಂದೊಂದು ಅಂಕಿಯ ಹಿಂದೆಯೂ ಯಾರೋ ಅಜ್ಜಿ, ಯಾರೋ ಮೊಮ್ಮಗ ಇದ್ದಾರೆ. ಅರ್ಧ ನಿಮಿಷ ಉಳಿಸಲು ಹೋಗಿ ಆ ಲೆಕ್ಕಕ್ಕೆ ಸೇರಬೇಕೇ?

ನಡೆಯುವವರಿಗೆ, ಹಿಂದೆ ಕೂರುವವರಿಗೆ

ಈ ವಾರಪತ್ರಿಕೆ ಓದುವ ಮಕ್ಕಳು ಕಾರು ಓಡಿಸುವುದಿಲ್ಲ. ಅಜ್ಜ ಅಜ್ಜಿಯರಲ್ಲಿ ಅನೇಕರು ಓಡಿಸುವುದನ್ನು ಬಿಟ್ಟಿದ್ದಾರೆ. ಆದರೆ ಎಲ್ಲರೂ ವೃತ್ತವನ್ನು ದಾಟಲೇಬೇಕು. ನಡೆಯುವವರ ಪಾಠ ಸ್ವಲ್ಪ ಬೇರೆ.

ವೃತ್ತದ ನಡುವಿನ ಪ್ರತಿಮೆ ನೋಡಲು ವಾಹನಗಳ ನಡುವೆ ನುಗ್ಗಬೇಡಿ. ಫುಟ್‌ಪಾತಿನಿಂದಲೇ ಚೆನ್ನಾಗಿ ಕಾಣುತ್ತದೆ. ದಾಟಬೇಕಾದ್ದು ವೃತ್ತವನ್ನಲ್ಲ, ಅದಕ್ಕೆ ಸೇರುವ ರಸ್ತೆಗಳನ್ನು. ಅದೂ ಬಾಯಲ್ಲೇ ಬೇಡ, ಕೆಲವು ಹೆಜ್ಜೆ ಹಿಂದಕ್ಕೆ ಬಂದು, ಜೀಬ್ರಾ ಪಟ್ಟಿ ಇರುವ ಕಡೆ. ರಸ್ತೆಯ ನಡುವೆ ದ್ವೀಪದಂಥ ಕಟ್ಟೆ ಇದ್ದರೆ ಎರಡು ಕಂತಿನಲ್ಲಿ ದಾಟಿ. ಮೊದಲ ಅರ್ಧ ದಾಟಿ ಕಟ್ಟೆಯ ಮೇಲೆ ನಿಂತು ಉಸಿರಾಡಿ, ಆಮೇಲೆ ಉಳಿದರ್ಧ. ಮೊದಲ ಅರ್ಧಕ್ಕೆ ಒಂದು ಕಡೆ ನೋಡಬೇಕು, ಎರಡನೆಯದಕ್ಕೆ ಇನ್ನೊಂದು ಕಡೆ. ಮಂಡಿ ನೋವಿನ ನನ್ನಂಥವರಿಗೆ ಆ ಕಟ್ಟೆ ದೊಡ್ಡ ಉಪಕಾರ.

ಇಂಗ್ಲೆಂಡಿನಲ್ಲಿ 2022ರ ಜನವರಿಯಿಂದ ರಸ್ತೆ ಕೂಡುವ ಕಡೆ ದಾಟಲು ಕಾಯುತ್ತಿರುವವರಿಗೆ ವಾಹನದವರು ದಾರಿ ಬಿಡಬೇಕೆಂಬ ಸೂಚನೆ ಬಂದಿದೆ. ಹಾಗಿದ್ದರೂ ಮಗಳು ಮೊಮ್ಮಗನಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ಕಾರು ನಿಂತ ಮೇಲೆ ಹೆಜ್ಜೆ ಇಡು, ನಿಲ್ಲತ್ತೆ ಅಂತ ಇಡಬೇಡ.” ನಮ್ಮೂರಿಗೆ ಈ ಮಾತು ಎರಡು ಪಾಲು ಸಲ್ಲುತ್ತದೆ.

ಸ್ಕೂಟರಿನ ಹಿಂದೆ ಕೂರುವ ಮಕ್ಕಳೇ, ವೃತ್ತದಲ್ಲಿ ಅಪ್ಪ, ಅಮ್ಮ, ಅಜ್ಜ ಯಾರೇ ಓಡಿಸುತ್ತಿದ್ದರೂ ಅವರ ಜೊತೆ ಆಗ ಮಾತು ಬೇಡ. ಎರಡು ಕೈಯಲ್ಲಿ ಹಿಡಿದು ಕೂತಿರಿ, ಅತ್ತಿತ್ತ ವಾಲಬೇಡಿ. ನಿಮ್ಮ ತಲೆಗೂ ಹೆಲ್ಮೆಟ್ ಇರಲಿ. ಸೈಕಲ್ಲಿನಲ್ಲಿ ದೊಡ್ಡ ಸರ್ಕಲ್ಲಿಗೆ ಬಂದರೆ ಇಳಿದು, ತಳ್ಳಿಕೊಂಡು, ನಡೆಯುವವರ ದಾರಿಯಲ್ಲಿ ದಾಟಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಸರ್ಕಲ್ ಆಟ

ರಜೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮೂರಿನ ಒಂದು ಸರ್ಕಲ್ಲಿಗೆ ಹೋಗಿ. ಫುಟ್‌ಪಾತಿನಲ್ಲಿ, ರಸ್ತೆಯಿಂದ ದೂರ, ಅವರ ಕೈ ಹಿಡಿದು ನಿಲ್ಲಿ. ಇಡೀ ವೃತ್ತ ನೋಡಬೇಡಿ, ಒಂದೇ ಬಾಯಿಯನ್ನು ಆರಿಸಿಕೊಳ್ಳಿ. ಒಳಗೆ ಬರುವ ಹತ್ತು ವಾಹನ ಎಣಿಸಿ. ಬಲಕ್ಕೆ ನೋಡಿ ನಿಧಾನ ಮಾಡಿದವರೆಷ್ಟು? ಇಂಡಿಕೇಟರ್ ಹಾಕಿದವರೆಷ್ಟು? ದೀಪ ಒಂದು ಹೇಳಿ ಚಕ್ರ ಇನ್ನೊಂದು ಹೇಳಿದ್ದೆಷ್ಟು? ಬಲತುದಿಯಿಂದ ಅಡ್ಡ ಹಾಯ್ದು ಎಡಕ್ಕೆ ಹೋದವರೆಷ್ಟು? ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಅಜ್ಜ ಗೆದ್ದರೆ ಕಡಲೆಕಾಯಿ ನೀವು ಹಿಡಿದುಕೊಂಡು ಬರಬೇಕು, ನೀವು ಗೆದ್ದರೆ ಅಜ್ಜ ಕೊಡಿಸಬೇಕು. ಆಮೇಲೆ ಆ ಚೀಟಿಯನ್ನು ಮನೆಯಲ್ಲಿ ವಾಹನ ಓಡಿಸುವವರ ಕೈಗೆ ಕೊಡಿ. ಅವರು ನಗುತ್ತಾರೆ. ನಕ್ಕರೂ ಪರವಾಗಿಲ್ಲ, ಮಾರನೆಯ ದಿನ ಸರ್ಕಲ್ಲಿನ ಬಾಯಲ್ಲಿ ಅವರ ಕಾಲು ಒಂದು ಗಳಿಗೆ ಮೊದಲೇ ಬ್ರೇಕಿನ ಮೇಲೆ ಹೋಗುತ್ತದೆ.